ಹುಳ ಬಿದ್ದ ಪತ್ರಿ

ಯಾರ ಮನೆಗೆ ಹೋದರೂ ಅವರು ಮೊದಲು ಹಿತ್ತಲಿಗೆ ನಡೆಯುತ್ತಿದ್ದರು. ಬಸವಕಲ್ಯಾಣದ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಆಯಿತು. ನಾನು ಕುರ್ಚಿ ಹಾಕಿ, ನನ್ನ ಹೆಂಡತಿ ಚಹಾ ಸೋಸಿ, ಇಬ್ಬರೂ ದಾರಿ ಕಾಯುತ್ತಿದ್ದರೆ ಈ ಮನುಷ್ಯ ಬಚ್ಚಲು ನೀರು ಹರಿಯುವ ಕಡೆ ಬೆಳೆದಿದ್ದ ಕರಿಬೇವಿನ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲೆ ಮಗುಚಿ ನೋಡುತ್ತಿದ್ದರು. ಒಳಗೆ ಬಂದಾಗ ಮುಖ ಸಪ್ಪಗಿತ್ತು.

"ಭಾಬಿ, ನಿಮ್ಮ ಕರಿಬೇವಿಗಿ ಒಂದೂ ಹುಳ ಇಲ್ಲಲ್ರಿ," ಎಂದರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ತಿಳಿದು ನೋಡಲು ಬಂದವರ ದನಿ ಅದು.

ನನ್ನ ಹೆಂಡತಿಗೆ ಇದು ಹೊಗಳಿಕೆಯಾಗಿ ಕೇಳಿಸಿತು. "ಮುಂಜಾನಿ ಮುಂಜಾನಿ ಬೂದಿ ಉದುರಸ್ತೀನ್ರಿ ಭಾಯಿಸಾಬ್. ಅದಕ್ಕ ಬರಂಗಿಲ್ಲ."

"ಹುಳ ಮುಟ್ಟದ ಎಲಿ ಕಂಡ್ರ ನನಗ ಜರಾ ಅಂಜಿಕಿ ಆಗ್ತದ್ರಿ. ಯಾರೂ ಬಂದು ಹೋಗದ ಮನಿ ಇದ್ದಂಗ."

ಅವರು ಹೋದ ಮೇಲೆ ನನ್ನ ಹೆಂಡತಿ ತಲೆಯ ಪಕ್ಕದಲ್ಲಿ ಬೆರಳು ತಿರುವಿ, "ನಿಮ್ಮ ದೋಸ್ತಗ ಇಲ್ಲಿ ಜರಾ ಕಮ್ಮಿ ಅದ ಏನು?" ಎಂದು ಕೇಳಿದಳು. ನಾನು ಇಲ್ಲವೆನ್ನಲಿಲ್ಲ. ಆದರೆ ಮರುದಿನದಿಂದ ಅವಳು ಗಿಡದ ಒಂದು ಮಗ್ಗುಲಿಗೆ ಬೂದಿ ಹಾಕುವುದನ್ನು ಬಿಟ್ಟಳು. ಯಾಕೆ ಎಂದು ಕೇಳಿದರೆ ಬೂದಿ ಸಾಲುವುದಿಲ್ಲ ಎಂದಳು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹುಮನಾಬಾದಿನಲ್ಲಿ ಅವರ ಮನೆಯವರಿದ್ದಾರೆ, ಹುಳದ ಮಾತು ಅವರಿಗೆ ಕಿವಿ ತುಂಬುವಷ್ಟಾಗಿದೆ. ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಹೇಳುತ್ತಿದ್ದರು, ನಾನು ಇತಿಹಾಸ. ತೊಂಬತ್ತರ ದಶಕದ ಶುರುವಿನಿಂದ ಹತ್ತು ಹನ್ನೆರಡು ವರ್ಷ ಸ್ಟಾಫ್ ರೂಮಿನ ಒಂದೇ ಮೇಜಿನ ಆಚೆ ಈಚೆ ಕೂತೆವು. ಹುಡುಗರು ಅವರನ್ನು ಹುಳದ ಸರ್ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮೇಲೇ. ಅವರಿಗೆ ಅದರಲ್ಲಿ ಬೇಸರಪಡುವಂಥದು ಏನೂ ಕಾಣಲಿಲ್ಲ.

ಆ ಮೇಜಿನ ಮೇಲೆ ಸದಾ ಎರಡು ಗಾಜಿನ ಬಾಟಲಿ ಇರುತ್ತಿದ್ದವು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಂದರಲ್ಲಿ ಪತ್ರಿ ಗಿಡದ ಹುಳ. ಪತ್ರಿ ಎಂದರೆ ಬಿಲ್ವ. ಇನ್ನೊಂದರಲ್ಲಿ ತೊಗರಿಯ ಕಾಯಿಕೊರಕ. ಚಿಟಗುಪ್ಪದ ಕಡೆಯ ಹೊಲಗಳಿಗೆ ಹುಡುಗರನ್ನು ಕರೆದುಕೊಂಡು ಹೋಗಿ, ಗಿಡದ ಬುಡದಲ್ಲಿ ತಾಡಪತ್ರಿ ಹಾಸಿ, ತೊಗರಿ ಅಲುಗಾಡಿಸಿ ಉದುರಿಸಿ ತಂದದ್ದು. ನನ್ನ ಊಟದ ಡಬ್ಬಿ ಇವೆರಡರ ನಡುವೆ. ನಾನು ಜಗಳ ಆಡಿದ್ದೇನೆ, ಡಬ್ಬಿ ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ತಿಂದಿದ್ದೇನೆ. ಒಂದು ದಿನ ಅವರು ನನ್ನ ಡಬ್ಬಿಯಿಂದಲೇ ಒಂದು ಹೋಳು ಟೊಮೆಟೊ ತೆಗೆದು ಕಾಯಿಕೊರಕದ ಬಾಟಲಿಗೆ ಹಾಕಿದರು. ಅದು ಗಳಿಗೆಯಲ್ಲಿ ತಲೆ ತೂರಿಸಿತು.

"ನೋಡ್ರಿ ಸಾಬ್ರ. ತೊಗರಿ ಕೊಡ್ರಿ, ಕಡ್ಲಿ ಕೊಡ್ರಿ, ಹತ್ತಿ ಕೊಡ್ರಿ, ಭಾಬಿ ಕಟ್ಟಿದ ಟಮಾಟಿ ಕೊಡ್ರಿ. ಏನೂ ಸಿಗಲಿಲ್ಲ ಅಂದ್ರ ಬಾಜೂಕಿನ ಹುಳಾನ ತಿಂತದ."

ಪತ್ರಿ ಹುಳದ ಬಾಟಲಿಗೂ ಒಂದು ಹೋಳು ಹಾಕಿದರು. ಅದು ಅದರ ಮೇಲೆ ಹತ್ತಿ ಇಳಿದು ಸುಮ್ಮನಾಯಿತು. ಸಂಜೆಯವರೆಗೆ ಮುಟ್ಟಲಿಲ್ಲ.

"ಸೊಕ್ಕು," ಎಂದೆ ನಾನು.

"ಸೊಕ್ಕಲ್ರಿ. ಅದಕ್ಕ ಅದು ಊಟ ಅಂತನ ಗೊತ್ತಾಗಂಗಿಲ್ಲ." ಅವರು ಬಾಟಲಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. "ಪತ್ರಿಗಿ ಒಂದು ವಾಸನಿ ಅದಲ್ರಿ, ಹಿಸುಕಿದ್ರ ಬರ್ತದ, ಅದನ್ನ ಗಿಡ ಇಟ್ಟುಕೊಂಡದ್ದೇ ಹುಳ ದೂರ ಇರ್ಲಿ ಅಂತ. ಬ್ಯಾರೆ ಹುಳ ಎಲ್ಲಾ ಓಡಿ ಹೋಗ್ತಾವ. ಇದಕ್ಕ ಮಾತ್ರ ಅದೇ ವಾಸನಿ ಊಟಕ್ಕ ಬಾ ಅಂತ ಕರದಂಗ. ಆ ವಾಸನಿ ಇಲ್ಲಂದ್ರ ಸುತ್ತಮುತ್ತ ಎಷ್ಟ ಹಸಿರಿದ್ರೂ ಉಪವಾಸ ಸಾಯ್ತದ. ಎಲ್ಲಾ ತಿನ್ನೂ ಹುಳಕ್ಕ ಎಲ್ಲಾ ವಿಷಕ್ಕೂ ಜರಾ ಜರಾ ಮದ್ದು ಹೊಟ್ಯಾಗ ಇರ್ತದ. ಅದಕ್ಕ ಹುಳ ಸಾಯಿಸೂ ಎಣ್ಣಿ ಹೊಡದ್ರೂ ಜಲ್ದಿ ಸಾಯಂಗಿಲ್ಲ. ಇದಕ್ಕ ಒಂದ ಬಾಗಲಾ."

ಇತಿಹಾಸ ಹೇಳುವವನಿಗೆ ಇಂಥ ಮಾತು ಸಿಕ್ಕರೆ ಬಿಡುತ್ತಾನೆಯೇ? ಕಾಯಿಕೊರಕ ಎಂದರೆ ನಮ್ಮ ಪುಢಾರಿಗಳು ಎಂದು ಶುರುಮಾಡಿದೆ. ನಿಜಾಮನಿದ್ದಾಗ ನಿಜಾಮನ ಎಲೆ, ಆಮೇಲೆ ಬಂದವರ ಎಲೆ, ಯಾವ ಪಕ್ಷದ ಎಲೆಯಾದರೂ ಸೈ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. "ಹುಳಾನ ಮನಷ್ಯಾಗ ಹೋಲಸಬ್ಯಾಡ್ರಿ ಸಾಬ್ರ. ಅದು ಹೊಟ್ಟಿ ತುಂಬಿದ್ರ ನಿಂದರ್ತದ," ಎಂದರು.

ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ತೊಡೆಯ ಮೇಲೆ ಡಬ್ಬಿ, ಡಬ್ಬಿಯಲ್ಲಿ ಹುಳ. ಒಮ್ಮೆ ನಾನೂ ಜೊತೆಗಿದ್ದೆ. ಬಸ್ಸು ಗುಂಡಿಯಲ್ಲಿ ಕುಪ್ಪಳಿಸಿದ್ದಕ್ಕೆ ಹುಳಕ್ಕೆ ಗಾಬರಿಯಾಯಿತೋ ಏನೋ, ಕತ್ತಿನಿಂದ ಕೆಂಪು ಕವಲು ಕೊಂಬು ಹೊರಹಾಕಿ ವಾಸನೆ ಬಿಟ್ಟಿತು. ಲಿಂಬೆ ಕೊಳೆತಂಥ ವಾಸನೆ. ಸಂತೆಗೆ ಹೊರಟ ಹೆಂಗಸೊಬ್ಬಳು ಸೆರಗು ಮೂಗಿಗೆ ಹಿಡಿದು, "ಯಾರ್ರೀ ಅದು, ಉಪ್ಪಿನಕಾಯಿ ಚಲ್ಲೀರೇನು?" ಎಂದು ಕೇಳಿದಳು. ಇವರು ಡಬ್ಬಿ ತೆರೆದು ಅವಳಿಗೆ ತೋರಿಸಲೇ ಹೋದರು! ನಾನು ಅವರ ಕೈ ಹಿಡಿದು ಕೂರಿಸಿದೆ.

ಅವರ ನಿಜವಾದ ತರಗತಿ ನಡೆಯುತ್ತಿದ್ದುದು ಕಾಲೇಜಿನ ಕಾಂಪೌಂಡಿನಲ್ಲಿದ್ದ ಪತ್ರಿ ಮರದ ಕೆಳಗೆ. ಶ್ರಾವಣ ಸೋಮವಾರ ಬಂದರೆ ಓಣಿ ಓಣಿಯ ಜನ ಬೆಳಕು ಹರಿಯುವುದರೊಳಗೆ ಪತ್ರಿ ಹರಿಯಲು ಬುಟ್ಟಿ ಹಿಡಿದು ಬರುತ್ತಿದ್ದರು. ಮಳೆಗಾಲದ ಎಳೆ ಎಲೆ, ಅದರಲ್ಲೇ ಹುಳ. ಜನ ಟೊಂಗೆ ಬಗ್ಗಿಸಿದರೆ ಹುಳವೂ ಹೋಗುತ್ತಿತ್ತು. ಆದ್ದರಿಂದ ಶ್ರಾವಣ ಸೋಮವಾರ ಇವರು ಹುಮನಾಬಾದಿನ ಮೊದಲ ಬಸ್ಸಿಗೆ ಬಂದು ಮರದ ಕೆಳಗೆ ನಿಲ್ಲುತ್ತಿದ್ದರು. ತಾವೇ ಹರಿದು, ಒಂದೊಂದು ಎಸಳನ್ನೂ ಮಗುಚಿ ನೋಡಿ, ಹುಳವಿಲ್ಲದ್ದನ್ನು ಜನರ ಬುಟ್ಟಿಗೆ ಹಾಕುತ್ತಿದ್ದರು. ಹುಳವಿದ್ದದ್ದು ಮರಕ್ಕೇ ವಾಪಸು, ಟೊಂಗೆಯ ಸಂದಿಯಲ್ಲಿ. ನನ್ನ ಮನೆಯಲ್ಲಿ ಪತ್ರಿಯ ಕೆಲಸವಿಲ್ಲ, ಹಾಗಾಗಿ ಬುಟ್ಟಿ ಹಿಡಿಯುವ ಕೆಲಸ ನನಗೆ ಬಿದ್ದಿತ್ತು.

ಭಕ್ತರಿಗೂ ಇದು ಸರಿಹೋಯಿತು. ತೂತು ಬಿದ್ದ ಪತ್ರಿ ಪೂಜೆಗೆ ಬರುವುದಿಲ್ಲ, ಮೂರೂ ದಳ ನೆಟ್ಟಗಿರಬೇಕು. "ಸರ ಆರಿಸಿ ಕೊಟ್ಟ ಪತ್ರಿ ಭಾಳ ಶುದ್ಧರಿ," ಎಂದು ಮುದುಕಿಯರು ಅವರ ಕಾಲಿಗೆ ಬೀಳಲು ಬರುತ್ತಿದ್ದರು. ಇವರು ಹಿಂದೆ ಸರಿಯುತ್ತಿದ್ದರು. ದೇವರಿಗೆ ಒಳ್ಳೆಯದು ಹೋಗಲಿ ಎಂದು ಅವರು, ಹುಳಕ್ಕೆ ಒಳ್ಳೆಯದು ಉಳಿಯಲಿ ಎಂದು ಇವರು. ವರ್ಷಗಟ್ಟಲೆ ಈ ವ್ಯವಹಾರ ತಕರಾರಿಲ್ಲದೆ ನಡೆಯಿತು.

ಅವರಿಗೆ ಇದ್ದದ್ದು ಒಂದೇ ಆಸೆ. "ನಾ ನೋಡಿದಂಗ ನೋಡೋರು ವರ್ಷಕ್ಕ ಒಬ್ಬರು ಸಿಕ್ರ ಸಾಕ್ರಿ," ಎನ್ನುತ್ತಿದ್ದರು. ಪಾಸಾಗುವವರು ಬೇಡ, ನೌಕರಿ ಹಿಡಿಯುವವರು ಬೇಡ. ಗಿಡದ ಮುಂದೆ ನಿಂತು, ಇಲ್ಲಿ ಯಾರು ಉಣ್ಣುತ್ತಿದ್ದಾರೆ ಎಂದು ಕೇಳುವ ಒಬ್ಬರು. ಅದಕ್ಕೇ ಅವರು ಎಂದೂ ನೋಟ್ಸ್ ಬರೆಸಲಿಲ್ಲ. ಹುಡುಗರು ಗೋಳಾಡುತ್ತಿದ್ದರು, ಪಾಲಕರು ಪ್ರಿನ್ಸಿಪಾಲರ ತನಕ ಹೋಗುತ್ತಿದ್ದರು. ಇವರು ಮರದ ಕೆಳಗೇ ನಿಲ್ಲುತ್ತಿದ್ದರು.

ಒಂದು ವರ್ಷ ಅವರಿಗೆ ಆ ಒಬ್ಬಳು ಸಿಕ್ಕಳು. ನಿರ್ಣಾದಿಂದ ಬಂದು ಹಾಸ್ಟೆಲಿನಲ್ಲಿದ್ದ ಮಹಾದೇವಿ. ಪತ್ರಿ ಹುಳ ಮರಿಯಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಕಂದು, ನಡುವೆ ಬಿಳಿ ಮಚ್ಚೆ. ಮುಂದೆ ಇಟ್ಟು ತೋರಿಸಿದರೂ ನನ್ನ ಕಣ್ಣಿಗೆ ಹಿಕ್ಕೆಯೇ. ಮಹಾದೇವಿ ಮಾತ್ರ ದೂರದಿಂದಲೇ ಹೇಳುತ್ತಿದ್ದಳು: ಇದು ಹಿಕ್ಕೆ, ಇದು ಹುಳ. ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ಬಡಿದು ರುಚಿ ನೋಡಿ ಆಮೇಲೆ ಮೊಟ್ಟೆ ಇಡುವುದನ್ನು ಆಕೆ ನೋಡಿ ಬಂದು ಹೇಳಿದ ದಿನ ಇವರು ಸ್ಟಾಫ್ ರೂಮಿಗೆಲ್ಲ ಚಹಾ ಕುಡಿಸಿದರು. "ಈ ವರ್ಷದಾಕಿ ಸಿಕ್ಳು ಸಾಬ್ರ," ಎಂದರು. ಅಷ್ಟು ಹಿಗ್ಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅದೇ ವರ್ಷ ದಸರೆಯ ಸೂಟಿಯಲ್ಲಿ ಮರ ಕಡಿದರು. ಸ್ಕೂಟರ್ ನಿಲ್ಲಿಸಲು ಶೆಡ್ ಬೇಕಿತ್ತಂತೆ. ಇವರು ಮೊದಲೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಮರ ಉಳಿಸಿ ಎಂದು ಕೈ ಮುಗಿದು ಬಂದಿದ್ದರು, ನೋಡೋಣ ಎಂದು ಮಾತೂ ಸಿಕ್ಕಿತ್ತು. ಪತ್ರಿ ಮರಕ್ಕೆ ಕೊಡಲಿ ಹಾಕಲು ನಮ್ಮ ಕಡೆ ಯಾರಿಗೂ ಧೈರ್ಯವಿಲ್ಲ. ಹಾಗಾಗಿ ಅಯ್ಯನವರನ್ನು ಕರೆಸಿ, ಕಾಯಿ ಒಡೆದು, ಮರದ ಕ್ಷಮೆ ಕೇಳಿ, ಗುಡಿಯ ಹತ್ತಿರ ಒಂದು ಸಸಿ ನೆಟ್ಟು ಆಮೇಲೆ ಕಡಿದರು. ದೇವರ ಕಡೆಯಿಂದ ತಕರಾರು ಬರದಂತೆ ಪೂರ್ತಿ ಬಂದೋಬಸ್ತು ಮಾಡಿದರು. ಇವರಿಗೆ ಒಂದು ಮಾತು ಹೇಳಿ ಕಳಿಸಲಿಲ್ಲ.

ಸೂಟಿ ಮುಗಿದು ಬಂದಾಗ ಮರದ ಜಾಗದಲ್ಲಿ ಜಲ್ಲಿ ಬಿದ್ದಿತ್ತು. ನಾನು ಅವರ ಹಿಂದೆಯೇ ಗೇಟು ದಾಟಿದೆ. ಅವರು ಸಿಟ್ಟಿಗೇಳುತ್ತಾರೆ ಎಂದುಕೊಂಡಿದ್ದೆ, ಏಳಲಿ ಎಂದೇ ಇತ್ತು ನನಗೆ. ಅಷ್ಟರಲ್ಲಿ ಕಾಲೇಜಿನ ಜವಾನ ಶರಣಪ್ಪ ಓಡಿ ಬಂದ. ಅವನ ಹಿಂದೆ ಸೂಟಿಗೆ ಊರಿಗೆ ಹೋಗದೆ ಉಳಿದಿದ್ದ ಮಹಾದೇವಿ. ಇಬ್ಬರ ಮುಖದಲ್ಲೂ ಒಂದು ಸಮಾಧಾನ.

"ಸರ, ನಿಮ್ಮ ಹುಳ ನಾವು ಹಂಗ ಬಿಟ್ಟಿಲ್ರಿ," ಎಂದ ಶರಣಪ್ಪ. "ಮರ ಬಿದ್ದ ಕೂಡ್ಲೇ ನಾನು ಮಹಾದೇವಿ ಬುಟ್ಟಿ ತುಂಬ ಆರಿಸಿ ಹಿಂದಿನ ಬನ್ನಿ ಮರಕ್ಕ ಬಿಟ್ಟೀವಿ. ಒಂದನ್ನೂ ತುಳಿಗೊಟ್ಟಿಲ್ಲ."

ಇವರು ಬನ್ನಿ ಮರದ ಹತ್ತಿರ ನಡೆದರು. ದಸರೆಯಲ್ಲಿ ಬಂಗಾರವೆಂದು ಜನ ಕಿತ್ತುಕೊಂಡು ಹಂಚಿ ಉಳಿದ ಎಲೆ ಇನ್ನೂ ಹಸಿರಾಗಿತ್ತು. ಒಂದೂ ಕಚ್ಚಿದ ಗುರುತಿರಲಿಲ್ಲ. ಬುಡದಲ್ಲಿ, ತೊಗಟೆಯ ಬಿರುಕುಗಳಲ್ಲಿ, ಇಳಿದು ಹೋಗಲು ನೋಡಿದ ಹುಳಗಳು ಒಣಗಿ ದಾರದ ತುಂಡುಗಳ ಹಾಗೆ ಅಂಟಿದ್ದವು. ಇರುವೆ ಸಾಲು ಹಚ್ಚಿ ಒಯ್ಯುತ್ತಿದ್ದವು.

ಶರಣಪ್ಪನಿಗೆ ಅರ್ಥವಾಗಲಿಲ್ಲ. ಅವನು ದಿನಾ ಲಿಂಗಪೂಜೆ ಮಾಡುವ ಮನುಷ್ಯ. "ಯಾಕ್ರಿ ಸರ? ಪತ್ರಿ ಸಿಗದಿದ್ದಾಗ ಪೂಜಿಗಿ ಬನ್ನಿ ನಡೀತದಲ್ರಿ. ದೇವರಿಗಿ ನಡೀತದಂದ್ರ ಹುಳಕ್ಕ ನಡೆಯಂಗಿಲ್ಲೇನ್ರಿ?"

"ದೇವರಿಗಿ ಹಸಿವಿ ಇಲ್ಲ ಶರಣಪ್ಪ," ಎಂದರು ಇವರು. "ಅದಕ್ಕ ಏನ ಕೊಟ್ರೂ ನಡೀತದ."

ಆಮೇಲೆ ತಿರುಗಿ ನೋಡಿದರು. ಅವರು ನೋಡಿದ ಕಡೆ ನಾನೂ ನೋಡಿದೆ. ಕ್ಯಾಂಟೀನಿನ ಹಿಂದೆ, ಪಾತ್ರೆ ತೊಳೆದ ನೀರು ನಿಲ್ಲುವಲ್ಲಿ, ಆಳೆತ್ತರದ ಕರಿಬೇವಿನ ಗಿಡ ಎಳೆ ಚಿಗುರು ಹೊತ್ತು ನಿಂತಿತ್ತು. ಪತ್ರಿ, ಲಿಂಬೆ, ಕರಿಬೇವು ಮೂರೂ ಒಂದೇ ಕುಟುಂಬದ ಗಿಡಗಳು, ಆ ಹುಳ ಮೂರನ್ನೂ ತಿನ್ನುತ್ತದೆ ಎಂದು ನನ್ನಂಥ ಇತಿಹಾಸದವನಿಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ಆದರೆ ಕರಿಬೇವು ಪೂಜೆಯ ಗಿಡವಲ್ಲ. ಒಗ್ಗರಣೆಯ ಗಿಡ. ಪತ್ರಿಗೆ ಬದಲು ಏನು ಎಂದರೆ ಇಲ್ಲಿ ಯಾರ ತಲೆಗೂ ಅದು ಬರುವುದಿಲ್ಲ.

"ಕರಿಬೇವು ನೆನಪಾಗಲಿಲ್ಲೇನವ್ವ?" ಎಂದು ಮಹಾದೇವಿಯನ್ನು ಕೇಳಿದರು. ಗದರಿಸಿ ಕೇಳಲಿಲ್ಲ, ಅದೇ ಕಷ್ಟವಾಯಿತು.

ಆಕೆ ಅಳಲು ಶುರುಮಾಡಿದಳು. "ಪರೀಕ್ಷಾದಾಗ ಇದೇ ಉತ್ತರ ಬರೆದಿದ್ದೆ ಸರ್."

"ಹೌದವ್ವ, ಬರೆದಿದ್ದಿ. ನಾನೇ ಮಾರ್ಕ್ಸ್ ಕೊಟ್ಟೀನಿ."

ಆ ಸಂಜೆ ನಾನು ಅವರನ್ನು ಒಬ್ಬರೇ ಬಿಡಲಾರದೆ ಹುಮನಾಬಾದಿನ ಬಸ್ಸು ಹತ್ತಿದೆ. ತೊಡೆಯ ಮೇಲೆ ಡಬ್ಬಿ ಇರಲಿಲ್ಲ, ಎರಡೂ ಕೈ ಮೊಣಕಾಲಿನ ಮೇಲಿದ್ದವು. ಊರು ಬರುವ ತನಕ ಕಿಟಕಿಯಾಚೆ ನೋಡಿದರು. ಇಳಿಯುವಾಗ, "ಸಾಬ್ರ, ಇಷ್ಟು ವರ್ಷ ನಾ ಏನ್ ಕಲಿಸ್ದೆ?" ಎಂದರು.

ಮರುವಾರದಿಂದ ಅವರು ನೋಟ್ಸ್ ಬರೆಸತೊಡಗಿದರು. ಹಳದಿಯಾದ ಯಾವುದೋ ಪುಸ್ತಕ ಹಿಡಿದು, ಒಂದು ವಾಕ್ಯವನ್ನು ಎರಡು ಸಲ ಓದಿ, ಅಲ್ಪವಿರಾಮ, ಪೂರ್ಣವಿರಾಮ ಸಹಿತ. ಹುಡುಗರಿಗೆ ಖುಷಿಯೋ ಖುಷಿ. ಪಾಲಕರು ಬರುವುದು ನಿಂತಿತು. ಫಲಿತಾಂಶ ಸುಧಾರಿಸಿತು, ಸಭೆಯಲ್ಲಿ ಅವರಿಗೆ ಚಪ್ಪಾಳೆ ತಟ್ಟಿದರು. ನನಗೆ ಆ ಚಪ್ಪಾಳೆಯ ಸದ್ದು ಇವತ್ತಿಗೂ ಸಹಿಸಲಾಗುವುದಿಲ್ಲ. ಮೇಜಿನ ಮೇಲಿನ ಬಾಟಲಿಗಳಲ್ಲಿ ಒಂದಕ್ಕೆ ಯಾರೋ ಸಕ್ಕರೆ ತುಂಬಿದರು, ಇನ್ನೊಂದು ಒಡೆಯಿತು. ನಾನು ನನ್ನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟುಕೊಂಡು ಆರಾಮವಾಗಿ ಉಣ್ಣಬಹುದಿತ್ತು. ಊಟ ರುಚಿಸುತ್ತಿರಲಿಲ್ಲ.

ಅವರನ್ನು ಎಬ್ಬಿಸಬೇಕೆಂದು ನಾನು ಮಾಡದ ಕಿತಾಪತಿಯಿಲ್ಲ. ಒಮ್ಮೆ ನಮ್ಮ ಹಿತ್ತಲಿನ ಕರಿಬೇವಿನಿಂದ ದೊಡ್ಡ ಹಸಿರು ಹುಳವೊಂದನ್ನು ಎಲೆಸಮೇತ ತಂದು ಅವರ ಮುಂದಿಟ್ಟೆ. ನನ್ನ ಹೆಂಡತಿ ಬೂದಿ ಹಾಕದ ಮಗ್ಗುಲಲ್ಲಿ ಬಂದದ್ದು. ಅವರು ಅದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು, ಹುಳ ಕೊಂಬು ತೆಗೆಯಿತು. "ಛಲೋ ಅದ. ಮನಿಗಿ ಒಯ್ದು ಅಲ್ಲೇ ಬಿಡ್ರಿ," ಎಂದು ಮತ್ತೆ ಉತ್ತರಪತ್ರಿಕೆ ತಿದ್ದತೊಡಗಿದರು. ಅವರ ಮನೆಯಾಕೆ ಮಾತ್ರ ಒಮ್ಮೆ ನನ್ನೆದುರು, "ಈಗ ಮನ್ಯಾಗ ಭಾಳ ಸ್ವಚ್ಛ ಆಗ್ಯದ್ರಿ ಅಣ್ಣಾರ," ಎಂದರು. ಅವರ ದನಿಯಲ್ಲೂ ಸಂತೋಷವಿರಲಿಲ್ಲ.

ನಿವೃತ್ತಿಗೆ ಇನ್ನೂ ಸಮಯವಿರುವಾಗಲೇ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಒಂದು ಮಳೆಗಾಲ ಅವರಿಗೆ ಎದೆನೋವು ಬಂತು. ಎರಡನೇ ಸಲ ಬಂದದ್ದು ಹೋಗಲಿಲ್ಲ.

ಹುಮನಾಬಾದಿಗೆ ನಾನೂ ಶರಣಪ್ಪನೂ ಒಂದೇ ಬಸ್ಸಿನಲ್ಲಿ ಹೋದೆವು. ಅವರ ಪದ್ಧತಿಯಲ್ಲಿ ಕೂರಿಸಿ ಹೂಳುತ್ತಾರೆ, ಗುಂಡಿಗೆ ವಿಭೂತಿ ಮತ್ತು ಪತ್ರಿ ತುಂಬುತ್ತಾರೆ. ಸರ್ ಹೋದರೆಂದು ತಿಳಿದು ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದಿದ್ದರು. ಬೇಮಳಖೇಡದವರು, ನಿರ್ಣಾದವರು, ಚಿಟಗುಪ್ಪದವರು, ಎಲ್ಲರ ಕೈಯಲ್ಲೂ ತಮ್ಮ ತಮ್ಮ ಹೊಲದ ಬದುವಿನಿಂದ ಹರಿದು ತಂದ ಪತ್ರಿಯ ಚೀಲ. ಗುಂಡಿಯ ಪಕ್ಕ ಚಾದರ ಹಾಸಿ ಸುರಿದರು, ದೊಡ್ಡ ಗುಡ್ಡೆಯಾಯಿತು. ಇಷ್ಟು ಪತ್ರಿ ಯಾರಿಗೂ ಬಂದದ್ದು ನೋಡಿಲ್ಲ ಎಂದು ಅಲ್ಲಿದ್ದವರು ಮಾತಾಡಿಕೊಂಡರು. ಏನು ಕಲಿಸಿದೆ ಎಂದು ಕೇಳಿದ್ದಿರಲ್ಲ ಸರ್, ನೋಡಿ ಎಂದು ಮನಸ್ಸಿನಲ್ಲೇ ಹೇಳಿದೆ.

ವಿಧಿ ಮಾಡುತ್ತಿದ್ದ ಅಯ್ಯನವರು ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡವರು ಕೈ ಕೊಡವಿದರು.

"ಅಯ್ಯಯ್ಯ, ಪತ್ರಿಗಿ ಹುಳ ಬಿದ್ದಾವ. ಹುಳ ಬಿದ್ದ ಪತ್ರಿ ನಡೆಯಂಗಿಲ್ಲ. ಜಲ್ದಿ ಆರಿಸಿ ಕೊಡ್ರಿ."

ಎಲ್ಲರೂ ಗುಡ್ಡೆಯ ಸುತ್ತ ಕೂತರು. ವರ್ಷ ವರ್ಷ ಅವರ ಪಾಠ ಕೇಳಿ ಹೋದವರೆಲ್ಲ ಒಂದೇ ಕಡೆ ತಲೆ ಬಗ್ಗಿಸಿ, ಒಂದೊಂದು ಎಸಳನ್ನೂ ಮಗುಚಿ ನೋಡತೊಡಗಿದರು. ಶ್ರಾವಣ ಸೋಮವಾರ ಮರದ ಕೆಳಗೆ ಅವರು ಹೇಗೆ ನೋಡುತ್ತಿದ್ದರೋ ಹಾಗೆಯೇ, ಬೆಳಕಿಗೆ ಹಿಡಿದು. ತೂತು ಬಿದ್ದ ಎಸಳನ್ನು ಬದಿಗೆ ಹಾಕಿ, ಸಿಕ್ಕ ಹುಳವನ್ನು ಉಗುರಿನಿಂದ ಚಿಮ್ಮಿ ಹಿಂದೆ ಒಗೆಯುತ್ತಿದ್ದರು. ಹಿಂದೆ ಅಗೆದು ಹಾಕಿದ ಹಸಿ ಕಪ್ಪು ಮಣ್ಣು, ಅದರ ಮೇಲೆ ಓಡಾಡುವವರ ಕಾಲು.

ಎದುರಿಗೆ ಮಹಾದೇವಿ ಕೂತಿದ್ದಳು. ಈಗ ಚಿಟಗುಪ್ಪದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರು. ಉಳಿದವರು ದೊಡ್ಡ ಹಸಿರು ಹುಳಗಳನ್ನಷ್ಟೇ ಆರಿಸುತ್ತಿದ್ದರು. ಅವರು ನೋಡಿ ಬಿಟ್ಟ ಎಸಳನ್ನು ಆಕೆ ಮತ್ತೆ ಎತ್ತಿಕೊಂಡು, ಚಿಗುರಿನ ತುದಿಯಲ್ಲಿ ಹಿಕ್ಕೆಯಂತೆ ಕೂತ ಮರಿಗಳನ್ನು ಹುಡುಕಿ ತೆಗೆಯುತ್ತಿದ್ದಳು. ಅವಳ ಕೈ ಒಮ್ಮೆಯೂ ತಪ್ಪಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಇವು ಹಿಕ್ಕಿ ಅಲ್ರಿ ಸರ್, ಮರಿ ಹುಳ," ಎಂದಳು ನನ್ನನ್ನು ನೋಡಿ. "ಇವರ್ಯಾರಿಗೂ ಕಾಣಂಗಿಲ್ಲ. ನಮಗ ಸರ್ ತೋರಿಸಿ ಕೊಟ್ಟಾರ."

"ಅವನ್ನ ಎಲ್ಲಿ ಇಡ್ತೀಯವ್ವ?" ಎಂದು ಕೇಳಿದೆ.

ನನ್ನ ಮಾತು ಅವಳಿಗೆ ವಿಚಿತ್ರವಾಗಿ ಕೇಳಿಸಿರಬೇಕು. "ಇಡೂದೇನ್ರಿ ಸರ್, ಒಗೀತೀನಿ. ನಮ್ಮ ಸರ್ ಮೈ ಮ್ಯಾಲ ಒಂದೂ ಹುಳ ಬೀಳಬಾರದು," ಎಂದು ಬೆರಳ ತುದಿಯಲ್ಲಿದ್ದದ್ದನ್ನು ಮಣ್ಣಿಗೆ ಚಿಮ್ಮಿ ಇನ್ನೊಂದು ಎಸಳು ಎತ್ತಿಕೊಂಡಳು.

ಅಯ್ಯನವರು ಬಂದು ನೋಡಿ, ಈಗ ಶುದ್ಧವಾಯಿತು ಎಂದರು. ಚಾದರದ ನಾಲ್ಕು ಮೂಲೆ ಹಿಡಿದು ಪತ್ರಿಯನ್ನು ಗುಂಡಿಗೆ ಸುರಿದರು. ನಾನು ಬಗ್ಗಿ ನೋಡಿದೆ. ಎಲ್ಲವೂ ಮೂರು ದಳದ ಪೂರಾ ಎಲೆಗಳು, ಒಂದಕ್ಕೂ ತೂತು ಇರಲಿಲ್ಲ.